ಹದಿನೇಳರಿಂದ ಮೂವತ್ತೆರಡರವರೆಗೆ

ಹೋದ ತಿಂಗಳು ಕಚೇರಿ ಕೆಲಸದ ಮೇಲೆ ಗಂಗಾವತಿಗೆ ಹೋಗಿದ್ದೆ. ಊರಿನ ಹೊರಗೆ ಅಕ್ಕಿ ಗಿರಣಿಗಳು ಶುರುವಾಗುವಲ್ಲಿ ಬಸ್ಸು ಲಾರಿಗಳ ನಡುವೆ ಸಿಕ್ಕಿಕೊಂಡು ನಿಂತಿತು. ಹೊರಗೆ ಜಿಟಿಜಿಟಿ ಮಳೆ. ಪಕ್ಕದ ಸೀಟಿನ ಅಜ್ಜಿ ಉಸಿರು ಕಟ್ಟುತ್ತದೆಂದು ಕಿಟಕಿ ಸರಿಸಿದರು, ಭತ್ತ ಬೇಯಿಸುವ ವಾಸನೆ ಒಳಗೆ ನುಗ್ಗಿತು. ಹಬೆ, ಹೊಟ್ಟು, ಒದ್ದೆ ಗೋಣಿಚೀಲ ಎಲ್ಲ ಸೇರಿದ ಆ ವಾಸನೆ ಗಂಗಾವತಿಯವರ ಮೂಗಿಗೆ ತಿಳಿಯುವುದೇ ಇಲ್ಲ. ನಾನು ಮಾತ್ರ ಅಜ್ಜಿಯನ್ನು ದಾಟಿ ಕಿಟಕಿಯ ಕಡೆ ಬಗ್ಗಿದೆ. ಮುನಿರಾಬಾದಿನಲ್ಲಿ ನಾನು ಕಳೆದ ಒಂದು ಮಳೆಗಾಲದಲ್ಲಿ, ನನ್ನ ಕೋಣೆಯಲ್ಲೇ ಇದ್ದ ಪದ್ಮ ಊರಿಗೆ ಹೋಗಿ ಬಂದಾಗಲೆಲ್ಲ ಅವಳ ಬ್ಯಾಗು, ಬಟ್ಟೆ, ಹೊದಿಕೆ ಇದೇ ವಾಸನೆ ಹೊತ್ತು ಬರುತ್ತಿದ್ದವು. ಅವರ ಮನೆ ಶ್ರೀರಾಮನಗರದ ಆಚೆ ಒಂದು ಗಿರಣಿಯ ಗೋಡೆಗೆ ಅಂಟಿಕೊಂಡಿತ್ತು.

ನನ್ನ ಊರು ಕುಷ್ಟಗಿ ತಾಲ್ಲೂಕಿನದು. ನಾವು ಮುಗಿಲು ನೋಡಿ ಬಿತ್ತುವ ಜನ. ಸಜ್ಜೆ, ತೊಗರಿ, ಹೆಸರು, ಅಷ್ಟೇ. ನೀರು ಎಂದರೆ ಕೊಡದಲ್ಲಿ ಇರುವುದು, ಹೊಲದಲ್ಲಿ ನಿಲ್ಲುವುದಲ್ಲ ಎಂದು ತಿಳಿದು ಬೆಳೆದವಳು ನಾನು. ಕೊಪ್ಪಳದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಎರಡು ಮೂರು ಕಡೆ ತಂತಿ ಎಳೆಯುವ ಕೆಲಸ ಮಾಡಿದ ಮೇಲೆ ಮುನಿರಾಬಾದಿನಲ್ಲಿ ನೌಕರಿ ಸಿಕ್ಕಿತು. ಕಾಲುವೆಗಳ ನೀರು ಬಳಕೆದಾರರ ಸಂಘಗಳೆಲ್ಲ ಸೇರಿ ಮಾಡಿಕೊಂಡ ಒಂದು ಒಕ್ಕೂಟ. ಅಲ್ಲಿಯ ಅಣೆಕಟ್ಟಿನ ಎಡದಂಡೆಯ ಹದಿನೇಳನೇ ವಿತರಣಾ ಕಾಲುವೆಯಿಂದ ಮೂವತ್ತೆರಡನೆಯದರವರೆಗೆ ಒಂದೊಂದಕ್ಕೂ ಒಂದು ಸಂಘ, ಒಂದು ಸಣ್ಣ ಆಫೀಸು. ಬೆಳಿಗ್ಗೆ ಕಾಲುವೆಯ ಬಾಯಲ್ಲಿ ನೀರು ಎಷ್ಟು ಅಡಿ ನಿಂತಿದೆ, ಇವತ್ತು ಎಷ್ಟು ಬೇಕು ಎಂದು ಪ್ರತಿ ಆಫೀಸಿನವರೂ ಕಂಪ್ಯೂಟರಿನಲ್ಲಿ ತುಂಬಬೇಕು. ಅದನ್ನು ಒಟ್ಟುಮಾಡಿ ಒಕ್ಕೂಟ ಅಣೆಕಟ್ಟಿನವರಲ್ಲಿ ನೀರು ಕೇಳಬೇಕು. ಆ ಆಫೀಸುಗಳನ್ನೆಲ್ಲ ಒಂದು ಜಾಲಕ್ಕೆ ತರುವ ಕೆಲಸಕ್ಕೆ ನನ್ನನ್ನು ತೆಗೆದುಕೊಂಡಿದ್ದರು.

ಅಣೆಕಟ್ಟು ಕಾಲೊನಿಯಲ್ಲಿ ಒಂದು ಹಳೆಯ ಕ್ವಾರ್ಟರ್ಸು ಬಾಡಿಗೆಗೆ ಹಿಡಿದು, ಮುಂದಿನ ಕೋಣೆಗಳನ್ನು ಆಫೀಸು ಮಾಡಿ, ಹಿಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಜೂನ್ ಮುಗಿಯುವ ಹೊತ್ತಿಗೆ ಅದೇ ಕೋಣೆಗೆ ಪದ್ಮ ಬಂದಳು. ಅವಳು ಮೂವತ್ತೆರಡನೇ ಕಾಲುವೆಯ ಸಂಘದ ಆಪರೇಟರು. ಅವರ ಆಫೀಸಿನ ಕಟ್ಟಡ ಇನ್ನೂ ಮುಗಿದಿರಲಿಲ್ಲವಾದ್ದರಿಂದ, ಅಲ್ಲಿಯ ತಾತ್ಕಾಲಿಕ ಕೋಣೆಯಲ್ಲಿ ಅವಳಪ್ಪ ಸುಬ್ಬಾರಾವ್ ಅವರೇ ಅಂಕಿ ತುಂಬುವುದು, ಇವಳು ಇಲ್ಲಿದ್ದು ನನ್ನ ಕೈಕೆಳಗೆ ಕೆಲಸ ಕಲಿಯುವುದು ಎಂದಾಗಿತ್ತು. ಬಂದವಳು ಒಂದು ಚೀಲ ಸೋನಾ ಅಕ್ಕಿ, ಒಂದು ಭರಣಿ ಗೋಂಗೂರ ಉಪ್ಪಿನಕಾಯಿ ಇಳಿಸಿದಳು. ನಾನು ಭರಣಿಯ ಮುಚ್ಚಳ ತೆಗೆದು ನೋಡಿ, "ಇದು ಪುಂಡಿಪಲ್ಯ ಅಲ್ಲೇನ?" ಎಂದೆ.

"ಗೋಂಗೂರ ಅಕ್ಕ."

"ಪುಂಡಿಪಲ್ಯಕ್ಕ ಖಾರ ಹಾಕಿ ಎಣ್ಣಿಯೊಳಗ ಮುಳಗಿಸಿ ಹೆಸರು ಬದಲು ಮಾಡೀರಿ. ಮಂದಿಗೆ ಮೋಸ."

"ನೀವು ಜ್ವಾಳದ ನುಚ್ಚು ಹಾಕಿ ಗಂಜಿ ಮಾಡ್ತೀರಲ್ಲ, ಅದು ಪಾಪ ಆ ಸೊಪ್ಪಿಗೆ ಮೋಸ," ಎಂದಳು ಅವಳು. ಅವತ್ತಿನಿಂದ ನಮ್ಮಿಬ್ಬರದು ಬಾಯಿ ನಿಂತದ್ದಿಲ್ಲ.

ಪದ್ಮಳ ಅಜ್ಜ ಕಾಲುವೆ ಆದ ಹೊಸದರಲ್ಲಿ ಆಂಧ್ರದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಅಂಥವರು ನೆಲೆ ನಿಂತ ಊರುಗಳನ್ನು ನಮ್ಮ ಕಡೆ ಇವತ್ತಿಗೂ ಕ್ಯಾಂಪು ಎಂದೇ ಕರೆಯುತ್ತಾರೆ. ಪದ್ಮ ಹುಟ್ಟಿದ್ದು ಇಲ್ಲಿ, ಕಲಿತದ್ದು ಕನ್ನಡ ಸಾಲಿಯಲ್ಲಿ, ಬೈಯುವುದು ಗಂಗಾವತಿ ಕನ್ನಡದಲ್ಲಿ. ಅಪ್ಪನ ಫೋನು ಬಂದಾಗ ಮಾತ್ರ "ನಾನ್ನ" ಎಂದು ತೆಲುಗಿಗೆ ಹೊರಳುತ್ತಿದ್ದಳು. ಅದನ್ನು ಕೇಳಿದ ಕೂಡಲೇ ಆಫೀಸಿಗೆ ಬಂದವರು ಯಾರಾದರೂ, "ಈಕಿ ಕ್ಯಾಂಪಿನಾಕಿ ಏನು?" ಎಂದು ಕೇಳಿಯೇ ಕೇಳುತ್ತಿದ್ದರು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಅವಳು "ಹೌದ್ರಿ" ಎಂದು ತಲೆ ತಗ್ಗಿಸಿ ಕೆಲಸ ಮುಂದುವರಿಸುತ್ತಿದ್ದಳು.

ಆ ಮಳೆಗಾಲದ ಗಾಳಿಯನ್ನು ನಾನು ಹೇಗೆ ಹೇಳಲಿ. ಜಲಾಶಯದ ಮೇಲಿಂದ ಬೀಸಿ ಬಂದು ಕಾಲೊನಿಯ ಬೇವಿನ ಮರಗಳನ್ನು ಅಲುಗಾಡಿಸಿ, ನಮ್ಮ ಕೋಣೆಯ ಬಾಗಿಲನ್ನು ತಾನೇ ಹಾಕಿ ತಾನೇ ತೆಗೆಯುತ್ತಿತ್ತು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಒದ್ದೆ ಚೂಡಿದಾರವನ್ನೇ ಹಾಕಿಕೊಂಡು ಕಂಪ್ಯೂಟರಿನ ಬಿಸಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಬೆಳಿಗ್ಗೆ ಸ್ಟೇಶನ್ ಹತ್ತಿರದ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ. ಹುಣ್ಣಿಮೆ ಬಂದರೆ ಹುಲಿಗೆಮ್ಮನ ಗುಡಿಗೆ ಹೋಗುವವರಿಂದ ಬಸ್ಸುಗಳೆಲ್ಲ ತುಂಬಿ, ಆಫೀಸಿಗೆ ಬರಬೇಕಾದವರು ಬರುತ್ತಿರಲಿಲ್ಲ, ನಮಗೆ ಅರ್ಧ ದಿನ ರಜೆ ಸಿಕ್ಕಂತಾಗುತ್ತಿತ್ತು. ಇಬ್ಬರೂ ಕಟ್ಟೆಯ ಕಡೆ ನಡೆದು ಹೋಗಿ ನೀರು ಎಷ್ಟು ಏರಿದೆ ಎಂದು ನೋಡಿ ಬರುತ್ತಿದ್ದೆವು. ಅಷ್ಟು ನೀರನ್ನು ಒಂದೇ ಕಡೆ ನೋಡಿ ನನಗೆ ಮೊದಮೊದಲು ಹೆದರಿಕೆಯಾಗುತ್ತಿತ್ತು. ಪದ್ಮ ನನ್ನ ಕೈ ಹಿಡಿದುಕೊಂಡೇ ನಡೆಯುತ್ತಿದ್ದಳು.

ನಮ್ಮ ಕಾರ್ಯದರ್ಶಿ ಶಿವಪುತ್ರಪ್ಪನವರು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯವರು. ಒಳ್ಳೆಯ ಮನುಷ್ಯ, ಆದರೆ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಸ್ಸೀಮರು. ಫೈರ್‌ವಾಲ್ ಪೆಟ್ಟಿಗೆ ಬಂದ ದಿನ ಅದನ್ನು ಎತ್ತಿ ಅತ್ತಿತ್ತ ತಿರುಗಿಸಿ ನೋಡಿ, "ಇಷ್ಟ ಸಣ್ಣದು ಬೆಂಕಿ ಗ್ವಾಡಿ ಏನ್ರಿ?" ಎಂದು ನಕ್ಕರು. ಇದು ನಮ್ಮ ಜಾಲದ ಬಾಗಿಲಲ್ಲಿ ಕೂರುವ ಕಾವಲುಗಾರ, ಬಂದವರ ವಿಳಾಸ ನೋಡಿ ನಾವು ಬರೆದಿಟ್ಟ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ, ಹೊಂದಿದರೆ ಒಳಗೆ ಬಿಡುತ್ತದೆ, ಯಾವುದಕ್ಕೂ ಹೊಂದದವರನ್ನು ಕೊನೆಯ ನಿಯಮ ಹೊರಗೆ ದಬ್ಬುತ್ತದೆ ಎಂದು ಹೇಳಿದೆ.

"ಒಬ್ಬೊಬ್ಬರ ವಿಳಾಸ ಬರಕೋತ ಕುಂತ್ರ ಮುಗೀತೈತೇನ್ರಿ?"

"ಇಲ್ರೀ ಸರ, ಗುಂಪಿಗೆ ಬರೀತೀವಿ," ಎಂದೆ.

ಆ ಗುಂಪಿಗೇ ಸಬ್‌ನೆಟ್ ಎನ್ನುವುದು. ಒಂದು ವಿಳಾಸದ ಮುಂದೆ ಓರೆಗೆರೆ ಎಳೆದು ಒಂದು ಸಂಖ್ಯೆ ಬರೆದರೆ, ಇಲ್ಲಿಂದ ಇಲ್ಲಿಯವರೆಗಿನ ವಿಳಾಸಗಳೆಲ್ಲ ಒಂದು ಮನೆಯವು ಎಂದರ್ಥ. ಆ ಸಂಖ್ಯೆ ದೊಡ್ಡದಾದಷ್ಟೂ ಮನೆ ಸಣ್ಣದು. ನಾಳೆ ಒಂದು ಆಫೀಸಿಗೆ ಹೊಸ ಕಂಪ್ಯೂಟರು ಬಂದರೂ ನಿಯಮ ತಿದ್ದಬೇಕಿಲ್ಲ, ಅದು ಹುಟ್ಟುತ್ತಲೇ ಆ ಮನೆಯ ಕೂಸು. ಯಾವ ಆಫೀಸು ಯಾವುದೆಂದು ತಟ್ಟನೆ ತಿಳಿಯಲೆಂದು ವಿಳಾಸದ ಮೂರನೇ ಅಂಕೆಯಲ್ಲಿ ಕಾಲುವೆಯ ಸಂಖ್ಯೆಯನ್ನೇ ಇಟ್ಟಿದ್ದೆವು. ಹದಿನೇಳನೇ ಕಾಲುವೆಯ ಯಂತ್ರಗಳೆಲ್ಲ 10.40.17ರಿಂದ ಶುರು, ಹದಿನೆಂಟನೆಯವು 10.40.18ರಿಂದ. ಶಿವಪುತ್ರಪ್ಪನವರಿಗೆ ಅದು ಬಹಳ ಹಿಡಿಸಿತು. ಇಂಗ್ಲಿಷ್ ಹೆಸರುಗಳು ಬೇಡ, ಯಾರಿಗಾದರೂ ತಿಳಿಯುವಂಥ ಹೆಸರಿಡಿ ಎಂದು ಅವರೇ ಹೇಳಿದರು. ಹಾಗಾಗಿ ಒಳಗಿನ ಹದಿನಾರು ಕಾಲುವೆಗಳ ಗುಂಪಿಗೆ ‘ನಮ್ಮಂದಿ’ ಎಂದಾಯಿತು. ಅಂಕಿಗಳನ್ನು ನೋಡಲಷ್ಟೇ ಬರುವ ಹೊರಗಿನ ಕಚೇರಿಗಳಿಗೆ ‘ಬೀಗರು’. ನಮ್ಮಂದಿ ಅಡುಗೆಮನೆಯವರೆಗೂ ಬರಬಹುದು, ಬೀಗರಿಗೆ ಪಡಸಾಲೆ. ಪದ್ಮ ಆ ಹೆಸರುಗಳನ್ನು ಟೈಪು ಮಾಡುತ್ತ ನಕ್ಕದ್ದೇ ನಕ್ಕದ್ದು.

ಆ ವರ್ಷ ಮೂವತ್ತೆರಡನೇ ಕಾಲುವೆ ಒಕ್ಕೂಟಕ್ಕೆ ಹೊಸದು. ಈ ಒಂದು ಹಂಗಾಮು ನೋಡೋಣ, ಹೊಂದಿಕೊಂಡರೆ ಇರಲಿ, ಇಲ್ಲವಾದರೆ ಕೆಳಗಿನ ಕಾರಟಗಿ ಕಡೆಯ ಒಕ್ಕೂಟಕ್ಕೆ ಸೇರಿಕೊಳ್ಳಲಿ ಎಂದು ಮಾತಾಗಿತ್ತು. ಅದರ ಮೇಲೆ ಪದ್ಮಳ ಹಣೆಬರಹವೂ ನಿಂತಿತ್ತು. ಮುಖ್ಯ ಆಫೀಸಿಗೆ ನನ್ನ ಜೊತೆ ಇನ್ನೊಬ್ಬರು ಕಾಯಂ ಬೇಕಾಗಿದ್ದರು, ಆ ಕೆಲಸವನ್ನು ಒಳಗಿನ ಸಂಘದವರಿಗೇ ಕೊಡುವುದು ನಿಯಮ. ಮೂವತ್ತೆರಡು ಉಳಿದರೆ ಪದ್ಮ ಉಳಿಯುತ್ತಾಳೆ. ಅವಳಿಗೆ ಉಳಿಯುವ ಆಸೆ ಎಷ್ಟಿತ್ತೆಂದರೆ, ಕೋಣೆಯ ಕಿಟಕಿಗೆ ಪರದೆ ಹೊಲಿಯಲು ಬಟ್ಟೆ ತಂದಿಟ್ಟುಕೊಂಡು, ಕಾಯಂ ಆದಮೇಲೆ ಹೊಲಿಯುತ್ತೇನೆ ಎನ್ನುತ್ತಿದ್ದಳು. ನನಗೂ ಅವಳಿಲ್ಲದ ಆ ಕೋಣೆಯನ್ನು ಊಹಿಸಿಕೊಳ್ಳಲು ಆಗುತ್ತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಮಗಳಾಗಿ ಬೆಳೆದ ನನಗೆ ಬೆಳಿಗ್ಗೆ ಎದ್ದ ಕೂಡಲೇ ಜಗಳಕ್ಕೆ ಒಬ್ಬರು ಸಿಗುವ ಸುಖ ಹೊಸದು.

ಕಾಲುವೆಗೆ ನೀರು ಬಿಟ್ಟ ದಿನ ನಾವೆಲ್ಲ ಕಂಪ್ಯೂಟರಿನ ಪರದೆಯ ಮುಂದೆ ಕುಳಿತಿದ್ದೆವು. ಒಂದೊಂದೇ ಆಫೀಸಿನ ಅಂಕಿ ಬಂದು ಕೂತವು. ಹದಿನೇಳು ಬಂತು, ಇಪ್ಪತ್ತೆರಡು ಬಂತು, ತಡವಾದರೂ ಮೂವತ್ತೊಂದು ಬಂತು. ಮೂವತ್ತೆರಡು ಮಾತ್ರ ಸೊನ್ನೆ. ಸುಬ್ಬಾರಾವ್ ಅವರ ಫೋನು ಬಂತು. ಅಂಕಿ ತುಂಬಿದ್ದೇನೆ, ಕಳಿಸು ಎಂದು ಒತ್ತಿದ್ದೇನೆ, ಹೋಗುವುದಿಲ್ಲ ಎಂದರು. ಸೊನ್ನೆ ಎಂದರೆ ಬೇಡಿಕೆ ಇಲ್ಲ ಎಂದೇ ಲೆಕ್ಕ. ಅಲ್ಲಿ ಸಸಿ ಕಿತ್ತು ನಾಟಿಗೆ ಇಟ್ಟುಕೊಂಡು ಕೂತಿದ್ದರು. ಶಿವಪುತ್ರಪ್ಪನವರು ಆ ದಿನದ ಮಟ್ಟಿಗೆ ಫೋನಿನಲ್ಲೇ ಅಂಕಿ ಬರೆದುಕೊಂಡು ನೀರು ಕೇಳಿದರು, ಅಷ್ಟರಮಟ್ಟಿಗೆ ಅನಾಹುತ ತಪ್ಪಿತು. ನಾವು ತಂತಿ ನೋಡಿದೆವು, ಮೋಡೆಮ್ ನೋಡಿದೆವು, ಮಳೆಯನ್ನು ಬೈದೆವು. ಕೊನೆಗೆ ಫೈರ್‌ವಾಲ್ ತೆರೆದೆವು.

ಪೆಟ್ಟಿಗೆ ಮಾರಿದ ಅಂಗಡಿಯ ಹುಡುಗ ಅದನ್ನು ಕೂರಿಸಿಕೊಡಲು ಬಂದಾಗ ಹದಿನೇಳರಿಂದ ಮೂವತ್ತೆರಡು ಎಂದರೆ ಹದಿನಾರು ಕಾಲುವೆ ಎಂದು ಬೆರಳೆಣಿಸಿ, ಹದಿನಾರು ಹಿಡಿಯುವಷ್ಟು ದೊಡ್ಡ ಸಬ್‌ನೆಟ್ ಬರೆದಿದ್ದ, 10.40.17.0/20 ಎಂದು. ಲೆಕ್ಕ ಸರಿಯೇ. ಆದರೆ ಸಬ್‌ನೆಟ್ಟಿಗೆ ತನ್ನದೇ ಹಟವಿದೆ, ನಮಗೆ ಬೇಕಾದಲ್ಲಿಂದ ಅದು ಶುರುವಾಗುವುದಿಲ್ಲ. ಹದಿನಾರರ ಮನೆ ಸೊನ್ನೆಯಿಂದ, ಇಲ್ಲವೇ ಹದಿನಾರರಿಂದ, ಇಲ್ಲವೇ ಮೂವತ್ತೆರಡರಿಂದಲೇ ಶುರುವಾಗಬೇಕು. ಗದ್ದೆಯ ಮಡಿ ಬದು ಇದ್ದಲ್ಲಿಂದಲೇ ಶುರುವಾದ ಹಾಗೆ. ಹುಡುಗ ಹದಿನೇಳು ಎಂದು ಬರೆದದ್ದನ್ನು ಯಂತ್ರ ತಾನೇ ಹದಿನಾರು ಎಂದು ತಿದ್ದಿಕೊಂಡು ಸುಮ್ಮನೆ ಕೂತಿತ್ತು. ಅದರ ಪ್ರಕಾರ ನಮ್ಮಂದಿ ಎಂದರೆ ಹದಿನಾರರಿಂದ ಮೂವತ್ತೊಂದು. ಒಂದರಿಂದ ಎಣಿಸುವ ನಮ್ಮ ಬೆರಳಿಗೂ ಸೊನ್ನೆಯಿಂದ ಎಣಿಸುವ ಅದರ ಬುದ್ಧಿಗೂ ನಡುವೆ ಒಂದು ಕಾಲುವೆ ಬಿದ್ದುಹೋಗಿತ್ತು. ತುದಿಯಲ್ಲಿದ್ದವರೇ ಬಿದ್ದಿದ್ದರು. ಕಾಲುವೆಯ ಕೊನೆಯವರಿಗೆ ನೀರು ಮುಟ್ಟುವುದಿಲ್ಲ ಎಂಬುದು ಆ ಸೀಮೆಯ ಹಳೆಯ ದೂರು, ಇಲ್ಲಿ ಯಂತ್ರವೂ ಅದನ್ನೇ ಕಲಿತಂತಾಗಿತ್ತು.

"ಹಿಗ್ಗಿಸಿಬಿಡ್ರಿ ಅದನ್ನ," ಎಂದರು ಶಿವಪುತ್ರಪ್ಪನವರು.

ಹಿಗ್ಗಿಸಿದರೆ ಹದಿನೇಳನ್ನೂ ಮೂವತ್ತೆರಡನ್ನೂ ಒಟ್ಟಿಗೆ ಹಿಡಿಯುವ ಮನೆ ಸೊನ್ನೆಯಿಂದ ಅರವತ್ತಮೂರರವರೆಗೆ ಹೋಗುತ್ತದೆ, ಮೇಲಿನ ಒಕ್ಕೂಟ ಕೆಳಗಿನ ಒಕ್ಕೂಟ ಎಲ್ಲ ನಮ್ಮ ಅಡುಗೆಮನೆಗೆ ಬರುತ್ತವೆ ಎಂದೆ. ನಮ್ಮ ಅಗ್ಗದ ಪೆಟ್ಟಿಗೆಯಲ್ಲಿ ಒಂದು ಹೆಸರಿಗೆ ಒಂದೇ ಸಬ್‌ನೆಟ್ ಹಿಡಿಯುತ್ತಿತ್ತು. ಹಾಗಾಗಿ ಮೂವತ್ತೆರಡಕ್ಕೆಂದೇ ಇನ್ನೊಂದು ಹೆಸರು, ಇನ್ನೊಂದು ನಿಯಮ ಬರೆಯುವುದೇ ದಾರಿ. "ಬರೀರಿ ಮತ್ತ, ಹಾವು ಸಾಯಬಾರ್ದು ಕೋಲು ಮುರೀಬಾರ್ದು," ಎಂದರು ಅವರು.

"ಹೆಸರು ಏನಂತ ಇಡೂಣ್ರಿ?"

"ಕ್ಯಾಂಪ್ ಅಂತ ಇಡ್ರಿ. ಲಗೂನ ಗುರುತು ಸಿಗ್ತೈತಿ."

ಕೀಲಿಮಣೆಯ ಮುಂದೆ ಪದ್ಮಳೇ ಕೂತಿದ್ದಳು. ಟೈಪು ಮಾಡಿದಳು. ಅಂಕಿ ಬಂತು, ಎಲ್ಲರೂ ಹೋ ಎಂದು ಸಮಾಧಾನಪಟ್ಟುಕೊಂಡರು, ಶಿವಪುತ್ರಪ್ಪನವರು ಚಹಾ ತರಿಸಿದರು. ಪದ್ಮ ಚಹಾ ಕುಡಿಯಲಿಲ್ಲ. ಸಂಜೆ ಕೋಣೆಯಲ್ಲಿ ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತದೆ ಹೇಳಿದಳು.

"ಅಕ್ಕ, ನಮ್ಮಜ್ಜ ಸತ್ತು ಮಣ್ಣಾಗಿದ್ದು ಇದೇ ಮಣ್ಣಿನ್ಯಾಗ. ನಾನು ಸಾಲ್ಯಾಗ ನಾಡಗೀತೆ ಹಾಡಾಕ ಮುಂದ ನಿಲ್ತಿದ್ದೆ. ಆದ್ರೂ ನಮ್ಮನ್ನ ಒಳಗ ತಗೋಬೇಕಂದ್ರ ಒಂದು ಬ್ಯಾರೆ ಗೆರಿ ಬೇಕಾಗ್ತೈತಿ."

"ಹುಚ್ಚಿ, ಅದು ಬರೇ ಲೆಕ್ಕದ ಸಂಬಂಧ ಆಗಿದ್ದು," ಎಂದೆ.

"ಲೆಕ್ಕದ ಸಂಬಂಧನ ಅಕ್ಕ. ನಾ ಇಲ್ಲ ಅನ್ನವಲ್ಲೆ. ಯಾವ ಲೆಕ್ಕ ಹಾಕಿದ್ರೂ ನಾವ ಹೊರಗ ಉಳೀತೀವಿ ನೋಡು, ಅದನ್ನ ಹೇಳಿದೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಎರಡು ದಿನ ಅದನ್ನೇ ತಲೆಯಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಮಿರ್ಚಿ ತಿನ್ನುತ್ತಿದ್ದಾಗ ಹೊಳೆಯಿತು. ನಮ್ಮಂದಿಯ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಹದಿನಾರನೇ ಕಾಲುವೆ ನಾವು ಹುಟ್ಟುವ ಮೊದಲೇ ಹದಿನೈದಕ್ಕೆ ಸೇರಿಹೋಗಿ, ಆ ಸಂಖ್ಯೆ ಯಾರದೂ ಅಲ್ಲದೆ ಬಿದ್ದಿತ್ತು. ಪದ್ಮಳ ಆಫೀಸಿನ ಯಂತ್ರಗಳಿಗೆ ಮೂವತ್ತೆರಡರ ಬದಲು ಹದಿನಾರು ಎಂದು ವಿಳಾಸ ಕೊಟ್ಟರೆ ಮುಗಿಯಿತು. ಬೇರೆ ಗೆರೆ ಬೇಡ, ಬೇರೆ ಹೆಸರು ಬೇಡ. ಒಂದೇ ಸಾಲು, ಎಲ್ಲರೂ ಒಳಗೆ. ಪದ್ಮಳಿಗೆ ಹೇಳಿದಾಗ ಅವಳು ಮಿರ್ಚಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬೆರಳು ಮಡಚಿ ಲೆಕ್ಕ ಹಾಕಿದಳು.

"ಹದಿನಾರು ಅಂದ್ರ ಎಲ್ಲಾರಕಿಂತ ಮೊದಲು ಬರ್ತೀವಿ ಅಲ್ಲಕ್ಕ?" ಎಂದಳು.

"ಬರ್ರಿ. ಇಷ್ಟು ದಿನ ಕಡೀಕ ನಿಂತಿದ್ದು ಸಾಕು."

ಶಿವಪುತ್ರಪ್ಪನವರು "ಏನರ ಮಾಡ್ರಿ, ಒಟ್ಟ ನಡೀಬೇಕು" ಎಂದರು. ನಾವಿಬ್ಬರೂ ಬಸ್ಸು ಹಿಡಿದು ಶ್ರೀರಾಮನಗರಕ್ಕೆ ಹೋಗಿ, ಅಲ್ಲಿಂದ ಸುಬ್ಬಾರಾವ್ ಅವರ ಟ್ರ್ಯಾಕ್ಟರಿನಲ್ಲಿ ಕೂತು ಮಳೆಯಲ್ಲಿ ನೆನೆಯುತ್ತ ಅವರ ಆಫೀಸಿನ ತಾತ್ಕಾಲಿಕ ಕೋಣೆ ಸೇರಿ ವಿಳಾಸ ಬದಲಿಸಿ ಬಂದೆವು. ದಾರಿಯುದ್ದಕ್ಕೂ ನಾಟಿ. ಮಣ್ಣಿನ ಬಣ್ಣದ ನೀರಿನಲ್ಲಿ ಸಾಲುಸಾಲಾಗಿ ಬಾಗಿದ ಹೆಂಗಸರು, ಅವರಲ್ಲಿ ನಮ್ಮ ಕುಷ್ಟಗಿ ಕಡೆಯಿಂದ ಕೂಲಿಗೆ ಬಂದವರೂ ಇದ್ದರು. ಮಾತಿನ ಧಾಟಿಯಲ್ಲೇ ಗುರುತು ಸಿಕ್ಕಿ ಒಬ್ಬಳು, "ಯವ್ವಾ, ನೀ ಯಾವೂರಾಕಿ?" ಎಂದು ಕೂಗಿ ಕೇಳಿದಳು. ಪದ್ಮಳ ಅಮ್ಮ ಅವತ್ತು ನನಗೆ ಬಡಿಸಿದಂಥ ಅನ್ನವನ್ನು ನಾನು ಇವತ್ತಿನವರೆಗೂ ಮತ್ತೆಲ್ಲೂ ಉಂಡಿಲ್ಲ. ರೊಟ್ಟಿ ತಿನ್ನುವವಳು ಹೀಗೆ ಹೇಳುವುದು ನಮ್ಮೂರಿನವರಿಗೆ ತಿಳಿದರೆ ನನ್ನನ್ನು ಬಿಡುವುದಿಲ್ಲ.

ಅದಾದ ಮೇಲಿನ ದಿನಗಳೇ ನನಗೆ ಹೆಚ್ಚು ನೆನಪಾಗುವುದು. ಏನೂ ನಡೆಯಲಿಲ್ಲ, ಅದೇ ಅವುಗಳ ಚೆಂದ. ಅಂಕಿಗಳು ಬೆಳಿಗ್ಗೆ ತಾವಾಗಿಯೇ ಬರುತ್ತಿದ್ದವು. ಮಧ್ಯಾಹ್ನ ನಾನು ಪದ್ಮಳಿಗೆ ಸಬ್‌ನೆಟ್ ಹಿಗ್ಗಿಸುವುದು, ಕುಗ್ಗಿಸುವುದು, ಒಂದನ್ನು ಎರಡಾಗಿ ಸೀಳುವುದು ಹೇಳಿಕೊಡುತ್ತಿದ್ದೆ. ಅವಳು ಬೇಗ ಹಿಡಿಯುತ್ತಿದ್ದಳು, ತಪ್ಪಿದರೆ ನನ್ನ ಮೇಲೆಯೇ ರೇಗುತ್ತಿದ್ದಳು. ಜಲಾಶಯ ತುಂಬಿ ಕ್ರಸ್ಟ್ ಗೇಟುಗಳನ್ನು ಎತ್ತಿದರು. ಹೊಸಪೇಟೆ ಕಡೆಯಿಂದ ಜನ ನೋಡಲು ಬಂದರು. ತುಂತುರು ಕಾಲೊನಿಯವರೆಗೂ ಹಾರಿ ಬಂದು ನಮ್ಮ ಕಿಟಕಿಯ ಸರಳುಗಳು ಸದಾ ಒದ್ದೆ. ಪದ್ಮ ಪರದೆಯ ಬಟ್ಟೆಯನ್ನು ಕತ್ತರಿಸಿಯೇ ಬಿಟ್ಟಳು. ಕಾಯಂ ಆಗುವವರೆಗೂ ಕಾಯುತ್ತೇನೆ ಎಂದವಳು ಕಾಯಲಿಲ್ಲ.

ಹಂಗಾಮಿನ ನಡುವೆ ಒಕ್ಕೂಟದ ಸಭೆ. ಎಲ್ಲ ಕಾಲುವೆಗಳಿಂದ ನಿರ್ದೇಶಕರು ಬಂದಿದ್ದರು. ಶಿವಪುತ್ರಪ್ಪನವರು ಹೆಮ್ಮೆಯಿಂದ ಗೋಡೆಯ ಮೇಲೆ ನಮ್ಮ ಪರದೆಯನ್ನು ದೊಡ್ಡದಾಗಿ ತೋರಿಸಿದರು. ಆಫೀಸುಗಳನ್ನು ಪ್ರೋಗ್ರಾಮು ವಿಳಾಸದ ಕ್ರಮದಲ್ಲಿ ಜೋಡಿಸುತ್ತಿತ್ತು. ಮೊದಲ ಸಾಲಿನಲ್ಲಿ 10.40.16, ಪದ್ಮಳ ಊರು. ಅದರ ಕೆಳಗೆ 10.40.17. ಹದಿನೇಳನೇ ಕಾಲುವೆಯ ವಿರೂಪಾಕ್ಷಗೌಡರು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

"ನಮ್ಮ ಮ್ಯಾಲ ಯಾರ್ರೀ ಅದು?"

ಶಿವಪುತ್ರಪ್ಪನವರು ಹೇಳಿದರು. ಅದು ಬರೀ ಕಂಪ್ಯೂಟರಿನ ವಿಳಾಸ, ಕಾಲುವೆ ಅಲ್ಲೇ ಇದೆ, ನೀರಿಗೂ ಇದಕ್ಕೂ ಸಂಬಂಧವಿಲ್ಲ ಎಂದರು.

"ಈ ಸೀಮ್ಯಾಗ ನಂಬರಂದ್ರ ಪಾಳಿ ಸಾಹೇಬ್ರ," ಎಂದರು ಗೌಡರು, ದನಿ ಏರಿಸದೆಯೇ. "ಹದಿನೇಳರ ಪಾಳಿ ಆದಮ್ಯಾಲ ಹದಿನೆಂಟು. ನಮ್ಮಪ್ಪ ಆ ಪಾಳಿ ಸಲುವಾಗಿ ತಲಿ ಒಡಸ್ಕೊಂಡಾನ. ಇವತ್ತ ಗ್ವಾಡಿ ಮ್ಯಾಲ ಮೊದಲ ಬಂದವ್ರು ನಾಳೆ ತೂಬಿನ ಮ್ಯಾಲ ಮೊದಲ ಬರ್ತಾರ. ಬರಂಗಿಲ್ಲ ಅಂತ ಯಾರು ಬರದು ಕೊಡ್ತೀರಿ?"

ನಾನು ಎದ್ದು ನಿಂತು, ಪರದೆಯ ಮೇಲೆ ಕಾಲುವೆಯ ಕ್ರಮದಲ್ಲೇ ಕಾಣುವಂತೆ ಮಾಡಬಹುದು, ಒಳಗಿನ ವಿಳಾಸ ಹೇಗಾದರೂ ಇರಲಿ ಎಂದೆ.

"ಕಣ್ಣಿಗೆ ಕಾಣದಂಗ ಮಾಡ್ತೀನಿ ಅಂತೀಯಲ್ಲವ್ವ, ಅದು ಇನ್ನೂ ಕೆಟ್ಟದ್ದು," ಎಂದರು ಗೌಡರು. ನಾಲ್ಕಾರು ಮಂದಿ ಹೌದೌದು ಎಂದರು. ಅವರ ಮೇಲೆ ನನಗೆ ಆಗ ಕುದಿಯುವಷ್ಟು ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ನೀರಿನ ಪಾಳಿಗೆ ತಂದೆಯ ರಕ್ತ ನೋಡಿದವರಿಗೆ ಅಂಕೆ ಬರೀ ಅಂಕೆಯಾಗಿ ಕಾಣುವುದು ಹೇಗೆ ಸಾಧ್ಯ ಎನಿಸುತ್ತದೆ. ಸಬ್‌ನೆಟ್ ಎಂದರೆ ಏನೆಂದು ಅವರಿಗೆ ಅರ್ಥವಾಗಲಿಲ್ಲ ಎಂದು ನಾವು ನಕ್ಕೆವು, ಪಾಳಿ ಎಂದರೆ ಏನೆಂದು ನನಗೂ ಅರ್ಥವಾಗಿರಲಿಲ್ಲ.

ಸಭೆ ತಿರುಗಿ ಹಳೆಯದಕ್ಕೇ ಬಂದು ನಿಂತಿತು. ಮೂವತ್ತೆರಡು ಮೂವತ್ತೆರಡಾಗಿಯೇ ಇರಲಿ, ಅವರಿಗೆ ಮೊದಲಿನಂತೆ ಕ್ಯಾಂಪ್ ಎಂಬ ಬೇರೆ ನಿಯಮ ಇರಲಿ. ಶಿವಪುತ್ರಪ್ಪನವರು ಮೂವತ್ತೆರಡರ ಪರವಾಗಿ ಬಂದಿದ್ದ ಸುಬ್ಬಾರಾವ್ ಅವರ ಕಡೆ ನೋಡಿ, "ನಿಮ್ದೇನರ ಅಭ್ಯಂತರ?" ಎಂದು ಕೇಳಿದರು. ಅವರು ಎದ್ದರು.

"ಮೊದಲಿನ ನಂಬರು ನಾವು ಕೇಳಿದ್ದಿಲ್ರಿ. ನಮ್ದು ಮೂವತ್ತೆರಡು, ಅದು ಬಿಟ್ಟು ಬ್ಯಾರೆ ಬ್ಯಾಡ. ಆದ್ರ ಎಲ್ಲಾರ್ಗೂ ಒಂದು ಗೆರಿ, ನಮಗ ಒಂದು ಗೆರಿ ಅನ್ನೋದಾದ್ರ ಅದೂ ಬ್ಯಾಡ್ರಿ."

ಅಲ್ಲಿಗೆ ಮಾತು ಮುಗಿಯಿತು. ಯಾರೂ ಯಾರನ್ನೂ ಬೈಯಲಿಲ್ಲ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು, ಗೌಡರೇ ಸುಬ್ಬಾರಾವ್ ಅವರ ತಟ್ಟೆಗೆ ಹೋಳಿಗೆಯ ಮೇಲೆ ತುಪ್ಪ ಹಾಕಿಸಿದರು.

ಆ ಸಂಜೆ ಪದ್ಮ ನಾನು ಕಲಿಸಿದ ಲೆಕ್ಕವನ್ನೇ ಬರೆದು ನನ್ನ ಮುಂದಿಟ್ಟಳು. ಹದಿನಾರರ ಮನೆ ಎಲ್ಲೆಲ್ಲಿಂದ ಶುರುವಾಗುತ್ತದೆ ಎಂದು. ಸೊನ್ನೆ, ಹದಿನಾರು, ಮೂವತ್ತೆರಡು. ಕಾರಟಗಿ ಕಡೆಯ ಒಕ್ಕೂಟದ ಕಾಲುವೆಗಳು ಮೂವತ್ತಮೂರರಿಂದ ನಲವತ್ತೇಳು. ಅವರ ಗುಂಪಿಗೆ ಬರೆಯಬೇಕಾದ ಸಾಲು 10.40.32.0/20. ಮೂವತ್ತೆರಡು ಅದರಲ್ಲಿ ತಾನಾಗಿಯೇ ಕೂರುತ್ತದೆ, ಮೊದಲನೆಯದಾಗಿ ಕೂರುತ್ತದೆ, ಅದರ ಮುಂದೆ ಯಾರೂ ಇಲ್ಲದ್ದರಿಂದ ಯಾರ ಪಾಳಿಯನ್ನೂ ಕಸಿಯುವುದಿಲ್ಲ.

"ನೋಡಕ್ಕ, ಅಲ್ಲಿ ನಮ್ಮನ್ನ ಯಾರೂ ಸೇರಿಸಬೇಕಾಗಿಲ್ಲ. ಸೇರೇ ಇದ್ದೀವಿ," ಎಂದಳು.

ಲೆಕ್ಕ ಸರಿಯಾಗಿತ್ತು. ಒಂದು ಕಡೆಯಾದರೂ ತಪ್ಪಿರಲಿ ಎಂದು ನಾನು ಅದನ್ನು ಮೇಲಿಂದ ಕೆಳಗೆ ನೋಡಿದೆ. ಮಗ್ಗಿ ಕಲಿಸಿದ ಮಾಸ್ತರರನ್ನೇ ಮಗ್ಗಿಯಲ್ಲಿ ಸೋಲಿಸಿದ ಹಾಗೆ ಅವಳು ಗೆದ್ದಿದ್ದಳು, ಆದರೆ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ನೀ ಹೋಗಬ್ಯಾಡ," ಎಂದೆ. ಹಾಗೆ ನೇರವಾಗಿ ನಾನು ಯಾರಿಗೂ ಯಾವುದನ್ನೂ ಬೇಡಿದವಳಲ್ಲ.

"ಇದ್ರ ಏನಾಗಿ ಇರಲಕ್ಕ?"

ಸಂಘ ಕಾರಟಗಿ ಕಡೆಗೆ ಸೇರಿಕೊಂಡಿತು. ಅಲ್ಲಿಯ ಮುಖ್ಯ ಆಫೀಸಿನಲ್ಲಿ ಅವಳಿಗೆ ಕೆಲಸವೂ ಆಯಿತು. ಹೋಗುವ ದಿನ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬಸ್ಸಿಗೆ ಕಾಯುತ್ತ ಇಬ್ಬರೂ ನಿಂತಿದ್ದೆವು, ನಡುವೆ ಅವಳ ಬ್ಯಾಗು. ಅವಳು ಇದ್ದಕ್ಕಿದ್ದಂತೆ ಹೇಳಿದಳು.

"ರೇಣಕ್ಕ, ನೀನೂ ಬಾ. ಅಲ್ಲಿಗೆ ಇಬ್ಬರು ಬೇಕಂತ. ನಾನ್ನ ಮಾತಾಡ್ಯಾನ. ನಮ್ಮನ್ಯಾಗ ಇರು, ಅಮ್ಮ ರೊಟ್ಟಿ ಬಡಿಯೋದು ಕಲೀತೀನಿ ಅಂದಾಳ."

ನಾನು ನಕ್ಕೆ. "ನಿಮ್ಮ ಕ್ಯಾಂಪಿನ್ಯಾಗ ನಾ ಬಂದು ಏನ್ ಮಾಡ್ಲೆ? ಬಾಯಿ ತೆಗದ್ರ ಎಲ್ಲಾರೂ ಈಕಿ ಯಾರು, ಯಾವೂರಾಕಿ ಅಂತ ಕೇಳ್ತಾರ," ಎಂದೆ.

ಪದ್ಮ ನಗಲಿಲ್ಲ. "ಕೇಳ್ತಾರ. ಒಂದ್ ವರ್ಷ ಕೇಳಿಸ್ಕೊಂಡು ನೋಡು," ಎಂದಳು.

ಬಸ್ಸು ಬಂತು. ಬ್ಯಾಗು ಎತ್ತಿಕೊಟ್ಟೆ. ಕಿಟಕಿಯ ಪಕ್ಕ ಕೂತು ಅವಳು ನನ್ನನ್ನೇ ನೋಡುತ್ತಿದ್ದಳು, ಬಸ್ಸು ಹೊರಡುವ ತನಕ ಉತ್ತರಕ್ಕೆ ಕಾದಳು ಎಂದು ನನಗೆ ಗೊತ್ತಿತ್ತು. ನನ್ನ ಅಮ್ಮನ ಮಂಡಿನೋವು, ಕಾಯಂ ಆಗುವ ನೌಕರಿ, ಆಗ ನನ್ನ ಬಳಿ ಕಾರಣಗಳಿಗೇನೂ ಬರವಿರಲಿಲ್ಲ. ನಿಜವಾದ ಕಾರಣ ಇಷ್ಟೇ, ಯಾವೂರಾಕಿ ಎಂದು ದಿನವೂ ಕೇಳಿಸಿಕೊಳ್ಳುವುದು ನನ್ನಿಂದ ಆಗದು ಎನಿಸಿತ್ತು. ಅವಳು ಅದನ್ನು ಮುನಿರಾಬಾದಿನಲ್ಲಿ ನನ್ನ ಪಕ್ಕದಲ್ಲೇ ಕೂತು ಮಳೆಗಾಲವಿಡೀ ಕೇಳಿಸಿಕೊಂಡಿದ್ದಳು.

ಗಂಗಾವತಿಯಿಂದ ಅವಳ ಊರು ಬಸ್ಸಿನಲ್ಲಿ ಬಹಳ ದೂರವೇನಲ್ಲ. ಅವಳಿಗೆ ಮದುವೆಯಾಗಿದೆ, ಮಗಳಿದ್ದಾಳೆ, ಅದೇ ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ ಎಂದು ಯಾರೋ ಹೇಳಿದರು. ಈಗ ಬಾ ಎಂದರೆ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೋದೇನು. ಅವಳು ಕರೆಯುವುದಿಲ್ಲ. ಒಮ್ಮೆ ಕರೆದಿದ್ದಳಲ್ಲ.